ಹಳೇ 407 ಇಂಜಿನ್ ತೊಳೆಯೋದಕ್ಕೆ ಪ್ರೆಶರ್ ನೀರು ಬೇಡ

1998ರ ಟಾಟಾ 407 ತಗೊಂಡಿದ್ದೇನೆ, ಇಂಜಿನ್ ತುಂಬಾ ಆಯಿಲ್ ಜಿಡ್ಡು, ವಾಟರ್ ಸರ್ವಿಸ್‌ಗೆ ಬಿಟ್ಟು ಆಮೇಲೆ ಪೇಂಟ್ ಹೊಡೆಸಲಾ ಅಂತ ಕೇಳಿದ್ದೀರಿ. ಬೇಡ ಸರ್. ಆ ಪ್ರೆಶರ್‌ಗೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಭಾಗ), ವೈರಿಂಗ್ ಒಳಗೆಲ್ಲಾ ನೀರು ನುಗ್ಗುತ್ತದೆ, ರೇಡಿಯೇಟರ್ ಫಿನ್ ಮಡಚಿಕೊಳ್ಳುತ್ತದೆ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್, ಸ್ಟಾರ್ಟರ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿ. ಗಟ್ಟಿ ಜಿಡ್ಡನ್ನು ಮೊದಲು ಕೆರೆದು ತೆಗೆಯಿರಿ, ಆಮೇಲೆ ಹಳೇ ಪೇಂಟ್ ಬ್ರಷ್‌ನಲ್ಲಿ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಕರಗಿದ ಬೆಲ್ಲದ ಹಾಗೆ ಕಪ್ಪಗೆ ಇಳಿದು ಬರುತ್ತದೆ, ಅದು ಚರಂಡಿಗೆ ಹೋಗದಂತೆ ಕೆಳಗೆ ಟ್ರೇ ಇಡಿ. ಹೋಸ್, ಬೆಲ್ಟ್‌ಗೆ ಮಾತ್ರ ಡೀಸೆಲ್ ತಾಗಿಸಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅವಕ್ಕೆ ಸೋಪು ನೀರು ಸಾಕು. ಬ್ಯಾಟರಿ ಟರ್ಮಿನಲ್ ಮೇಲಿನ ಪುಡಿಗೆ ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ಉಜ್ಜಿ, ಒಣಗಿದ ಮೇಲೆ ವ್ಯಾಸಲೀನ್ ಸವರಿ.

ಪೇಂಟಿಗೆ ಅವಸರ ಮಾಡಬೇಡಿ. ಒಂದು ವಾರ ಸುಮ್ನೆ ಓಡಿಸಿ ನೋಡಿ. ಕ್ಲೀನ್ ಆದ ಇಂಜಿನ್‌ನಲ್ಲಿ ಆಯಿಲ್ ಎಲ್ಲಿಂದ ಜಿನುಗುತ್ತಿದೆ ಅಂತ ಬೆರಳಿಟ್ಟು ತೋರಿಸಬಹುದು, ಜಾಸ್ತಿ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಕೆಳಗಿನ ಪ್ಯಾಕಿಂಗೇ ಇರುತ್ತದೆ. ನಾನು ನನ್ನ ಗಾಡಿಗೆ ಮೊದಲೇ ಪೇಂಟ್ ಹೊಡೆದೆ, ತಿಂಗಳೊಳಗೆ ಕವರ್ ಅಂಚಲ್ಲಿ ಪದರ ಪದರವಾಗಿ ಎದ್ದು ಬಂತು. ಮೊದಲು ಪ್ಯಾಕಿಂಗ್ ಬದಲಿಸಿ, ಆಮೇಲೆ ಹೀಟ್ ತಡೆಯೋ ಪೇಂಟ್ ಹೊಡೆಯಿರಿ.