ಅಂಗಡಿಗೆ ವಿಮೆ ಇದೆ, ಆದರೆ ಎಷ್ಟಕ್ಕೆ?

ತಾಲ್ಲೂಕು ಕೇಂದ್ರವೊಂದರಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರ: ‘ಪಕ್ಕದ ಬೀದಿಯ ಅಂಗಡಿಯೊಂದು ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟುಹೋಯಿತು. ಸಿಸಿ ಸಾಲ (ಸರಕಿನ ಆಧಾರದ ಮೇಲೆ ಕೊಡುವ ಕ್ಯಾಶ್ ಕ್ರೆಡಿಟ್) ಕೊಡುವಾಗ ಬ್ಯಾಂಕಿನವರೇ ನನ್ನ ಸರಕಿಗೆ 12 ಲಕ್ಷದ ವಿಮೆ ಮಾಡಿಸಿದ್ದಾರೆ. ಸರಕು ಸುಮಾರು 20 ಲಕ್ಷದ್ದು. ಮನೆಯ ಹಿಂದಿನ ಕೋಣೆಯಲ್ಲೂ ಒಂದಷ್ಟು ಗಂಟು ಇಡುತ್ತೇನೆ. ಕ್ಯಾಮೆರಾ ಇದೆ. ಇಷ್ಟು ಸಾಕೇ?’

ಸಾಲದು. ಬ್ಯಾಂಕು ವಿಮೆ ಮಾಡಿಸುವುದು ತನ್ನ ಸಾಲ ಉಳಿಸಿಕೊಳ್ಳಲು. ಕ್ಲೇಮಿನ ಹಣವೂ ಮೊದಲು ಸಾಲದ ಖಾತೆಗೇ ಜಮಾ ಆಗುತ್ತದೆ. 12 ಲಕ್ಷದೊಳಗಿನ ನಷ್ಟವೆಲ್ಲ ಪೂರ್ತಿ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ: ಸರಕಿಗಿಂತ ವಿಮೆ ಕಡಿಮೆ ಇದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 20 ಲಕ್ಷದ ಸರಕಿಗೆ 12 ಲಕ್ಷದ ವಿಮೆ ಎಂದರೆ ನೂರಕ್ಕೆ ಅರವತ್ತು ಪಾಲು. ಆದ್ದರಿಂದ 5 ಲಕ್ಷದ ಬಟ್ಟೆ ಸುಟ್ಟರೆ ಲೆಕ್ಕಕ್ಕೆ ಬರುವುದು 3 ಲಕ್ಷ ಮಾತ್ರ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ, ಒಂದೇ ಜಾಗದ ಆಸ್ತಿ 5 ಕೋಟಿ ಮೀರದವರಿಗೆ, ಶೇ 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ. ನಿಮ್ಮ ಕೊರತೆ ಶೇ 40, ಆ ಮನ್ನಣೆಗೆ ಸಿಗದು.

ಮೊತ್ತ ಹೇಳುವಾಗ ದೀಪಾವಳಿಯ ಮುಂಚಿನ ವಾರದ ಸ್ಟಾಕ್ ಹಿಡಿಯಿರಿ. ಕೊಂಡ ಬೆಲೆ ಮತ್ತು ಸಾಗಾಣಿಕೆ ಸೇರಿಸಿ, ಮಾರುವ ಬೆಲೆ ಬೇಡ. ಜಿಎಸ್‌ಟಿ ವಿಷಯ ಬಹಳ ಮಂದಿಗೆ ಹೊಳೆಯುವುದೇ ಇಲ್ಲ: ಸುಟ್ಟ ಅಥವಾ ಕಳುವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ತೆತ್ತ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಂಡ ಮೊತ್ತ) ಅನ್ನು ಹಿಂದಕ್ಕೆ ಕಟ್ಟಬೇಕು. ಆ ಬಾಬ್ತನ್ನೂ ಸೇರಿಸಿ ಎಂದು ಏಜೆಂಟರಿಗೆ ಮೊದಲೇ ಹೇಳಿ. ಮನೆಯ ಕೋಣೆಯ ವಿಳಾಸ ಪಾಲಿಸಿಯಲ್ಲಿ ಇಲ್ಲದಿದ್ದರೆ ಅಲ್ಲಿನ ಗಂಟುಗಳ ಕ್ಲೇಮಿಗೆ ತಕರಾರು ಖಂಡಿತ. ಈ ವಾರವೇ ಬರೆಸಿ. ಬೀಗ ಮುರಿದು ಆಗುವ ಕಳ್ಳತನಕ್ಕೆ ಬರ್ಗ್ಲರಿ ಪಾಲಿಸಿ ಬೇರೆಯೇ ಬೇಕು, ಅದೂ ಬಲಪ್ರಯೋಗದ ಗುರುತು ಇದ್ದರೆ ಮಾತ್ರ. ಗಿರಾಕಿ ಸೀರೆ ಎಗರಿಸಿದ್ದು, ಕೆಲಸದವನು ಕದ್ದದ್ದು ಅದರೊಳಗೆ ಬರುವುದಿಲ್ಲ.

ಇನ್ನು ವೈರಿಂಗ್. ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಪದೇಪದೇ ಬೀಳುತ್ತದೆಂದು 16 ಆಂಪಿಯರ್ ತೆಗೆದು 32 ಹಾಕಿಸುವ ಚಾಳಿ ಊರೂರಲ್ಲೂ ಇದೆ. 2.5 ಚದರ ಮಿಲಿಮೀಟರ್ ವೈರಿಗೆ ಅಷ್ಟು ಕರೆಂಟು ಸತತ ಹರಿದರೆ, ಎಂಸಿಬಿ ಬೀಳುವ ಮೊದಲೇ ವೈರಿನ ಹೊದಿಕೆ ಕರಗುತ್ತದೆ. ಸಡಿಲವಾದ ಸ್ಕ್ರೂ ಇನ್ನೂ ಕೆಟ್ಟದ್ದು: ಕರೆಂಟು ಹೆಚ್ಚಾಗದೆಯೇ ಆ ಜಾಗ ಕಾಯುತ್ತದೆ, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಅಂದೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮೀಟರ್ ಬೋರ್ಡಿನ ಕೆಳಗೆ ರಟ್ಟಿನ ಡಬ್ಬ ಪೇರಿಸಬೇಡಿ. 4 ಕಿಲೋ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರನ್ನು ಬಾಗಿಲ ಹತ್ತಿರ ತೂಗುಹಾಕಿ. ಒಳಗಿನ ಮೂಲೆಯಲ್ಲಿಟ್ಟರೆ ಬೆಂಕಿ ದಾಟಿ ಹೋಗಿ ತರಬೇಕು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ರಾತ್ರಿ ಶಟರ್ ಎಳೆಯುವ ಮೊದಲು, ಕ್ಯಾಮೆರಾದ ಲೈನು ಬಿಟ್ಟು ಉಳಿದದ್ದನ್ನೆಲ್ಲ ಆಫ್ ಮಾಡಿ.

ಕ್ಯಾಮೆರಾದ ಡಿವಿಆರ್ (ದೃಶ್ಯ ದಾಖಲಾಗುವ ಪೆಟ್ಟಿಗೆ) ಗಲ್ಲಾದ ಕೆಳಗಿದ್ದರೆ ಕಳ್ಳನೇ ಅದನ್ನೂ ಹೊತ್ತೊಯ್ಯುತ್ತಾನೆ. ಬೀಗವಿರುವ ಬೇರೆ ಕಪಾಟಿನಲ್ಲಿಡಿ.

ಕ್ಲೇಮು ನಿಲ್ಲುವುದು ಕಾಗದದ ಮೇಲೆ. ಸರ್ವೇಯರ್ (ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವವರು) ಕೇಳುವುದು ಇಷ್ಟೇ: ವರ್ಷಾರಂಭದ ಸ್ಟಾಕ್, ಖರೀದಿಯ ಬಿಲ್ಲು, ಮಾರಾಟ, ಲಾಭದ ಪ್ರಮಾಣ. ಇವುಗಳಿಂದ ಅಂದು ಅಂಗಡಿಯಲ್ಲಿ ಎಷ್ಟು ಸರಕಿತ್ತೆಂದು ಲೆಕ್ಕ ತೆಗೆಯುತ್ತಾರೆ. ಬಿಲ್ಲಿಲ್ಲದೆ ತಂದ ಮಾಲು ಅಲ್ಲಿ ಇಲ್ಲವೇ ಇಲ್ಲ. ಲೆಕ್ಕದ ಕಂಪ್ಯೂಟರೂ ಅಂಗಡಿಯಲ್ಲೇ ಸುಡುವುದರಿಂದ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಮನೆಯಲ್ಲಿಡಿ. ತಿಂಗಳಿಗೊಮ್ಮೆ ರ್‍ಯಾಕುಗಳ ವಿಡಿಯೊ ಮಾಡಿ ಮಗನಿಗೋ ಅಳಿಯನಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಡಿ.

ಅನಾಹುತ ಆಗಿಯೇಬಿಟ್ಟರೆ ಮೊದಲು 112, ಅದೇ ದಿನ ವಿಮಾ ಕಂಪನಿಗೆ ಬರಹದಲ್ಲಿ ಸುದ್ದಿ. ಬೂದಿ ಗುಡಿಸಿ ಹೊರಹಾಕಬೇಡಿ. ನೀರಿಗೆ ಒದ್ದೆಯಾದ ಬಟ್ಟೆಯನ್ನು ಸುಟ್ಟದ್ದರಿಂದ ಬೇರ್ಪಡಿಸಿ, ಫೋಟೊ ತೆಗೆದು, ಸರ್ವೇಯರ್ ಬರುವವರೆಗೆ ನೆರಳಿನಲ್ಲಿ ಇಡಿ.