ಎಲೆಕ್-ಟ್ರಾಕ್ ಇ15 ಸೊರಗುತ್ತಿದ್ದರೆ ಕಾರ್ಡ್ ಬಿಡಿ, ಮೊದಲು ಕೇಬಲ್ ನೋಡಿ

ಸ್ವಲ್ಪ ತಡೀರಿ ಸರ್, ಆ ಕಂಟ್ರೋಲ್ ಕಾರ್ಡ್ (ಮೋಟರ್ ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡ್) ಆರ್ಡರ್ ಮಾಡಬೇಡಿ. ನಿಮ್ಮ ಎಲೆಕ್-ಟ್ರಾಕ್ ಇ15, ಅಂದರೆ ಬ್ಯಾಟರಿಯಲ್ಲಿ ಓಡುವ ಹುಲ್ಲು ಕತ್ತರಿಸುವ ಟ್ರಾಕ್ಟರ್‌ಗೆ, ಆರೂ ಬ್ಯಾಟರಿ ಹೊಸದು ಹಾಕಿದ್ದೀರಿ, ಆದರೂ ದಿಬ್ಬದಲ್ಲಿ, ದಟ್ಟ ಹುಲ್ಲಿನಲ್ಲಿ ಸೊರಗುತ್ತದೆ ಅಂದಿರಿ. ನಾನೂ ಹೀಗೇ ಬ್ಯಾಟರಿಗೆ ದುಡ್ಡು ಸುರಿದವನೇ. ನಿಂತ ಗಾಡಿಯಲ್ಲಿ 38 ವೋಲ್ಟ್ ತೋರಿಸಿದರೆ ಏನೂ ಗೊತ್ತಾಗುವುದಿಲ್ಲ. ಲೋಡ್ ಬಿದ್ದಾಗ ವೋಲ್ಟ್ ಎಲ್ಲಿ ಸೋರುತ್ತದೆ ಅನ್ನೋದು ಮುಖ್ಯ.

ಕ್ಲಿಪ್ ಇರುವ ಉದ್ದ ವೈರ್ ತಗೊಳ್ಳಿ, ಕ್ಲಿಪ್ ಪಕ್ಕದಲ್ಲೇ ಸಣ್ಣ ಫ್ಯೂಸ್ ಇರಲಿ. ಮೀಟರ್ ಸೀಟಿನಿಂದ ಕಾಣುವ ಹಾಗೆ ಕಟ್ಟಿ, ದಿಬ್ಬ ಹತ್ತಿಸಿ. ಮೊದಲು ಪೂರ್ತಿ ಪ್ಯಾಕ್ (ಆರೂ ಬ್ಯಾಟರಿ ಸೇರಿ), ಆಮೇಲೆ ಮೋಟರ್ ಟರ್ಮಿನಲ್. ಪ್ಯಾಕ್‌ನಲ್ಲಿ 36 ಇದ್ದು ಮೋಟರ್‌ಗೆ 32 ಬಂದರೆ ಬ್ಯಾಟರಿಯದ್ದು ತಪ್ಪಿಲ್ಲ, ನಡುದಾರಿಯಲ್ಲಿ ವೋಲ್ಟ್ ಸೋರುತ್ತಿದೆ. ಆದರೆ ಇದನ್ನ ಮೇಲಿನ ಸ್ಪೀಡ್‌ನಲ್ಲಿ ಮಾತ್ರ ಅಳೆಯಿರಿ, ಕೆಳಗಿನ ಸ್ಪೀಡ್‌ಗಳಲ್ಲಿ ರೆಸಿಸ್ಟರ್ ವೋಲ್ಟ್ ತಿನ್ನುವುದು ಸಹಜ. ಇನ್ನೊಂದು, ಮೀಟರ್‌ನ ಕಪ್ಪು ವೈರ್ ಕಾರಿನ ಹಾಗೆ ಚಾಸಿಗೆ ಹಾಕಬೇಡಿ, ಬ್ಯಾಟರಿ ನೆಗೆಟಿವ್‌ಗೇ ಹಾಕಿ.

ಈಗ ಒಂದೊಂದೇ ಕೇಬಲ್. ಒಂದು ಕ್ಲಿಪ್ ಈ ಬ್ಯಾಟರಿಯ ಸೀಸದ ಪೋಸ್ಟಿಗೆ, ಇನ್ನೊಂದು ಅದೇ ಕೇಬಲ್ ಸೇರುವ ಪಕ್ಕದ ಬ್ಯಾಟರಿಯ ಪೋಸ್ಟಿಗೆ. ಲಗ್ (ಕೇಬಲ್ ತುದಿಯ ಲೋಹದ ತುಂಡು) ಮೇಲೆ ಇಟ್ಟರೆ ಸುಮ್ನೆ ಮೋಸ, ಕೆಟ್ಟಿರುವುದೇ ಲಗ್ ಮತ್ತು ಪೋಸ್ಟ್ ನಡುವೆ ಇರಬಹುದು. 100 ಆಂಪ್ ಹರಿಯುವಾಗ ಅರ್ಧ ವೋಲ್ಟ್ ಬಿದ್ದರೂ ಆ ಜಾಗದಲ್ಲಿ 50 ವ್ಯಾಟ್ ಬಿಸಿ! ಗಾಡಿ ನಿಲ್ಲಿಸಿ, ಪವರ್ ಡಿಸ್‌ಕನೆಕ್ಟ್ ತೆಗೆದು ಜಾಯಿಂಟ್ ಮುಟ್ಟಿ ನೋಡಿ, ಕೈಗೇ ಗೊತ್ತಾಗುತ್ತದೆ. ನನ್ನ ಗಾಡಿಯ ಒಂದು ಕೇಬಲ್ ಹೊರಗಿನಿಂದ ಹೊಸದರಂತೇ ಇತ್ತು. ಲಗ್ ಹತ್ತಿರ ರಬ್ಬರ್ ಸೀಳಿದರೆ ಒಳಗೆ ಬರೀ ಹಸಿರು ಪುಡಿ, ತಾಮ್ರದ ಎಳೆ ಉಗುರಿಗೇ ಮುರಿದು ಬಂತು. 1969ರಿಂದ 75ರ ನಡುವೆ ಜಿಇ (ಜನರಲ್ ಎಲೆಕ್ಟ್ರಿಕ್) ಮಾಡಿದ ಗಾಡಿಗಳು ಇವು, ಕೇಬಲ್‌ಗೆ ಅರ್ಧ ಶತಮಾನ ಆಯಿತು, ಇನ್ನೇನು ತಾನೇ ನಿರೀಕ್ಷೆ ಮಾಡ್ತೀರಿ?

ಕೇಬಲ್ ಎಲ್ಲಾ ಸರಿ ಇದ್ದರೆ ಕಾಂಟ್ಯಾಕ್ಟರ್ ನೋಡಿ, ಅಂದರೆ ಕಾಯಿಲ್ ಎಳೆದು ದೊಡ್ಡ ಕರೆಂಟ್ ಹರಿಸುವ ಸ್ವಿಚ್. ಕ್ಲಿಕ್ ಸದ್ದು ಬಂತು ಅಂದ ಮಾತ್ರಕ್ಕೆ ಒಳಗೆ ಕರೆಂಟ್ ಹರಿಯುತ್ತಿದೆ ಅಂತಲ್ಲ, ಕಾಯಿಲ್ ಎಳೆದಿದೆ ಅಷ್ಟೇ. ಎಳೆದಾಗ ಎರಡು ದಪ್ಪ ಬೋಲ್ಟ್ ನಡುವೆ ಅಳೆಯಿರಿ. ಒಳಗೆ ಒಂದಕ್ಕೊಂದು ತಾಗುವ ಪಾಯಿಂಟ್ ಮೇಲೆ ಉಪ್ಪುಕಾಗದ ಉಜ್ಜುವವರನ್ನು ಕಂಡರೆ ಸಿಟ್ಟು ಬರುತ್ತದೆ, ಅದು ಬೆಳ್ಳಿಯ ಮಿಶ್ರಲೋಹ, ಕಪ್ಪಾದರೂ ಪರವಾಗಿಲ್ಲ, ಗುಳಿ ಬಿದ್ದರೆ ಬದಲಾಯಿಸಿ. ಕ್ಲಿಕ್ಕೇ ಬರದಿದ್ದರೆ ಸೀಟ್ ಸ್ವಿಚ್, ಬ್ರೇಕ್ ಪೆಡಲ್ ಸ್ವಿಚ್ ಮೊದಲು ನೋಡಿ. ಕಾರ್ಡ್ ಕೊನೆಗೆ. ಮತ್ತೆ, ಫೀಲ್ಡ್ ವೈರ್ (ಮೋಟರ್‌ನ ಕಾಂತಕ್ಷೇತ್ರದ ಸುರುಳಿಯ ವೈರ್) ಬಿಚ್ಚಿ ಮೋಟರ್ ಓಡಿಸಿ ನೋಡುವ ಸಾಹಸ ಬೇಡವೇ ಬೇಡ, ಲೋಡ್ ಇಲ್ಲದಿದ್ದರೆ ಸ್ಪೀಡ್ ಹಿಡಿತಕ್ಕೇ ಸಿಗುವುದಿಲ್ಲ.

ಬ್ಯಾಟರಿ ಬ್ರಾಂಡ್ ಜಗಳ ಈ ಗುಂಪಿನಲ್ಲಿ ಜಾಸ್ತಿ ನಡೆಯುತ್ತದೆ. ನನಗೆ ಟ್ರೋಜನ್ ಟಿ-105 ಇಷ್ಟ, 225 ಆಂಪ್-ಅವರ್, ಆದರೆ ನೀರು ನೋಡಿಕೊಳ್ಳದವರಿಗೆ ಯಾವ ಬ್ರಾಂಡ್ ಆದರೂ ಒಂದೇ. ಮೀಟರ್‌ಗೂ ಫ್ಲೂಕ್‌ನಂಥ ದುಬಾರಿ ಬ್ರಾಂಡ್ ಬೇಕಿಲ್ಲ, ಮಾಮೂಲಿ ಮೀಟರ್ ಸಾಕು. ಬ್ಯಾಟರಿ ಮೇಲಿನ ಆಸಿಡ್ ತೇವ ಅಡುಗೆ ಸೋಡಾ ನೀರಲ್ಲಿ ಒರೆಸಿ, ಇಲ್ಲದಿದ್ದರೆ ಅದೇ ಚಾಸಿಗೆ ಕರೆಂಟ್ ಸೋರಿಸುತ್ತದೆ. ಸೋಡಾ ಸೆಲ್ ಒಳಗೆ ಹೋಗಬಾರದು. ಉಂಗುರ, ವಾಚ್ ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ.

ಲೋಡ್‌ನಲ್ಲಿ ಪ್ಯಾಕ್ ಎಷ್ಟು, ಮೋಟರ್ ಎಷ್ಟು, ಆರೂ ಬ್ಯಾಟರಿ ಎಷ್ಟೆಷ್ಟು ಅಂತ ಬರೆದು ಹಾಕಿ, ಆಮೇಲೆ ಕಾರ್ಡ್ ವಿಷಯ ಮಾತಾಡೋಣ.