ಪಾಪ ನೆನೆದಷ್ಟೂ ದೇವರು ದೂರ ಆದ ಹಾಗೆ ಅನಿಸುತ್ತದೆಯಾ?

ಅಕ್ಕಾ, ತಪಸ್ಸುಕಾಲ (ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನದ ಉಪವಾಸ, ಪ್ರಾರ್ಥನೆಯ ಕಾಲ) ಬಂತೆಂದರೆ ಹಳೆ ಪಾಪಗಳೇ ಕಣ್ಮುಂದೆ ಬರುತ್ತವೆ, ಪ್ರಾರ್ಥನೆಗೆ ಕೂತರೆ ದೇವರು ಇನ್ನೂ ದೂರ ಅನಿಸುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು.

ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ಇನ್ನೊಮ್ಮೆ ನಿಧಾನವಾಗಿ ಓದಿ. ಆಸ್ತಿ ಹಾಳು ಮಾಡಿದ ಮಗ ಮೊದಲೇ ಮಾತು ಜೋಡಿಸಿಕೊಂಡಿರುತ್ತಾನೆ: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳೋಕೆ ಯೋಗ್ಯನಲ್ಲ, ಕೂಲಿಯವನ ಹಾಗೆ ಇಟ್ಟುಕೋ. ಆದರೆ ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡು, ಓಡಿಬಂದು ತಬ್ಬಿಕೊಳ್ಳುತ್ತಾನೆ. ಕೂಲಿಯ ಮಾತು ಬಾಯಿಗೆ ಬರುವಷ್ಟರಲ್ಲಿ ಒಳ್ಳೆ ಅಂಗಿ ತನ್ನಿ ಎನ್ನುತ್ತಾನೆ! ಅಷ್ಟು ದೂರದಿಂದ ಗುರುತು ಹಿಡಿದ ಅಂದರೆ ದಿನಾ ದಾರಿ ಕಾಯುತ್ತಿದ್ದ, ಅಲ್ವಾ?

ಬೀದರ್ ಹತ್ತಿರದ ನಮ್ಮ ಊರಲ್ಲಿ, ಬಾವಿ ನೀರಿನ ಪಾಳಿಗೆ ಜಗಳವಾಗಿ ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ತಪ್ಪು ನನ್ನದೇ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಸಂಜೆ, ಚರ್ಚಿನಲ್ಲಿ ಹಣೆಗೆ ಹಚ್ಚಿದ ಬೂದಿ ಒರೆಸದೆ ಅವನ ಮನೆಗೆ ಹೋದೆ. ಕ್ಷಮಿಸು ಎನ್ನುವಷ್ಟರಲ್ಲಿ ಅವನು "ಬೆಳಗಿನಿಂದ ಉಪವಾಸ ಇದ್ದೀಯ, ಮೊದಲು ಉಣ್ಣು" ಎಂದ. ಅತ್ತಿಗೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ಅಳು ಬಂದದ್ದು ಭಯಕ್ಕಲ್ಲ.

ಎಲ್ಲಾ ಪಾಪ ಒಟ್ಟಿಗೆ ಎಣಿಸಬೇಡಿ. ಒಂದನ್ನೇ ಹಿಡಿದು, ಅದನ್ನು ಹೇಳಿಕೊಳ್ಳಿ. ಇನ್ನೊಂದು, ಈ 40 ದಿನದ ಲೆಕ್ಕದಲ್ಲಿ ಭಾನುವಾರ ಸೇರೋದಿಲ್ಲ, ಅದು ಯೇಸು ಸಾವಿನಿಂದ ಎದ್ದ ಪುನರುತ್ಥಾನದ ದಿನ, ಅವತ್ತಾದರೂ ಸುಮ್ನೆ ಸಂತೋಷವಾಗಿರಿ.